ಆ ಹದಿನೈದು ನಿಮಿಷಕ್ಕೆ ಕತ್ತರಿ ಹಾಕಬೇಡಿ

ಆತಂಕ ಮತ್ತು ಖಿನ್ನತೆಗೆ ಆನ್‌ಲೈನ್ ಚಿಕಿತ್ಸೆ ರೂಪಿಸುವ, ಅದಕ್ಕೆ ಹಣ ಮಂಜೂರು ಮಾಡುವ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಯಾವುದಾದರೂ ಆನ್‌ಲೈನ್ ಮನೋಚಿಕಿತ್ಸಾ ಯೋಜನೆಯ ಬಜೆಟ್ ಹಾಳೆ ತೆಗೆದು ನೋಡಿ. ಸಾಫ್ಟ್‌ವೇರ್‌ಗೆ ದೊಡ್ಡ ಮೊತ್ತ ಇರುತ್ತದೆ. ವಿಡಿಯೊ ತಯಾರಿಕೆಗೆ, ಪ್ರಚಾರಕ್ಕೆ ಇರುತ್ತದೆ. ಪಾಠ ಓದಿದವರು ಬರೆದು ಕಳಿಸಿದ್ದನ್ನು, ಒಬ್ಬೊಬ್ಬರಿಗೂ ವಾರಕ್ಕೆ ಹದಿನೈದು ನಿಮಿಷ ಕೊಟ್ಟು ಕೂತು ಓದಿ, ಅವರಿಗೆ ಉತ್ತರ ಬರೆಯುವ ಮನುಷ್ಯರ, ಅಂದರೆ ಮಾರ್ಗದರ್ಶಕರ, ಸಂಬಳದ ಸಾಲನ್ನು ಮಾತ್ರ ಹುಡುಕಬೇಕಾಗುತ್ತದೆ. ಸಿಕ್ಕರೂ, ಹಣ ಸಾಲದೆ ಬಂದಾಗ ಮೊದಲು ಅಳಿಸಿಹೋಗುವುದು ಅದೇ ಸಾಲು. ಈ ಪತ್ರ ಬರೆಯುತ್ತಿರುವುದು ಅದನ್ನು ಉಳಿಸಿಕೊಳ್ಳಿ ಎಂದು ಕೇಳುವುದಕ್ಕೆ. ಯಾಕೆ ಉಳಿಸಬೇಕು, ಉಳಿಸಿದ ಮೇಲೆ ಅದರಲ್ಲಿ ಏನು ನಡೆಯಬೇಕು ಎಂಬುದನ್ನು ಲೆಕ್ಕದ ಸಮೇತ ಹೇಳುತ್ತೇವೆ.

ಆನ್‌ಲೈನ್ ಚಿಕಿತ್ಸೆ ಎಂದರೆ ಇಲ್ಲಿ ವಿಡಿಯೊ ಕಾಲ್ ಅಲ್ಲ. ಅದರಲ್ಲಿ ನಡೆಯುವುದು ಕ್ಲಿನಿಕ್‌ನ ಮಾತುಕತೆಯೇ; ಚಿಕಿತ್ಸಕರ ಒಂದು ಗಂಟೆಗೆ ಒಬ್ಬರೇ ರೋಗಿ ಎಂಬ ಲೆಕ್ಕ ಅಲ್ಲೂ ಬದಲಾಗುವುದಿಲ್ಲ. ನಾವು ಹೇಳುತ್ತಿರುವುದು, ಸಿಬಿಟಿ ಎಂದು ಎಲ್ಲರೂ ಕರೆಯುವ, ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಬದಲಿಸಲು ಕಲಿಸುವ ಅರಿವು-ವರ್ತನೆ ಚಿಕಿತ್ಸೆಯನ್ನು ಐದರಿಂದ ಎಂಟು ಪಾಠಗಳಾಗಿ ಬಿಡಿಸಿ, ಎಂಟು-ಹತ್ತು ವಾರ ಹರಡಿ, ಮನೆಯಲ್ಲಿ ಮಾಡುವ ಅಭ್ಯಾಸಗಳ ಜೊತೆ ಕೊಡುವ ಕೋರ್ಸ್ ಬಗ್ಗೆ. ವಾರಕ್ಕೊಮ್ಮೆ ಪ್ರಶ್ನಾವಳಿ, ವಾರಕ್ಕೊಮ್ಮೆ ಮಾರ್ಗದರ್ಶಕರ ಸಂದೇಶ ಅಥವಾ ಫೋನ್. 1990ರ ದಶಕದ ಕೊನೆಯಿಂದ ಸ್ವೀಡನ್‌ನಲ್ಲಿ ಗೆರ್ಹಾರ್ಡ್ ಆಂಡರ್ಸನ್, ಪೆರ್ ಕಾರ್ಲ್‌ಬ್ರಿಂಗ್ ಮೊದಲಾದ ಮನೋವಿಜ್ಞಾನಿಗಳು ಇದನ್ನು ಪ್ರಯೋಗಕ್ಕೆ ಒಡ್ಡುತ್ತ ಬಂದರು. ಆಸ್ಟ್ರೇಲಿಯಾದಲ್ಲಿ ನಿಕೊಲಾಯ್ ಟಿಟೊವ್ ಮತ್ತು ಬ್ಲೇಕ್ ಡಿಯರ್ ತಂಡ 2012ರ ಕೊನೆಯಲ್ಲಿ ಮೈಂಡ್‌ಸ್ಪಾಟ್ ಎಂಬ ಆನ್‌ಲೈನ್ ಕ್ಲಿನಿಕ್ಕನ್ನೇ ತೆರೆಯಿತು. ಅಲ್ಲಿನ ಮುಖ್ಯ ಕೋರ್ಸ್ ಐದು ಪಾಠ, ಎಂಟು ವಾರದ್ದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 30.1 ಕೋಟಿ ಜನ ಆತಂಕದ ಕಾಯಿಲೆಯಿಂದ, 28 ಕೋಟಿ ಜನ ಖಿನ್ನತೆಯಿಂದ ಬಳಲುತ್ತಿದ್ದರು. ಅಷ್ಟು ಜನಕ್ಕೆ ಎದುರು ಕೂತು ಮಾತಾಡುವಷ್ಟು ಚಿಕಿತ್ಸಕರು ಯಾವ ದೇಶದಲ್ಲೂ ಇಲ್ಲ. ಹಾಗಾಗಿ ಆನ್‌ಲೈನ್ ಬೇಕೋ ಬೇಡವೋ ಎಂಬ ವಾದ ಇಲ್ಲಿ ಎತ್ತುತ್ತಿಲ್ಲ. ಬೇಕು. ಸರಿಯಾಗಿ ಕೊಟ್ಟರೆ ಅದು ಎರಡನೇ ದರ್ಜೆಯ ಚಿಕಿತ್ಸೆಯೂ ಅಲ್ಲ: 2018ರಲ್ಲಿ ಕಾರ್ಲ್‌ಬ್ರಿಂಗ್ ಮತ್ತು ಸಂಗಡಿಗರು 20 ಪ್ರಯೋಗಗಳ 1,418 ಜನರ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದಾಗ, ಎದುರು ಕೂತು ಕೊಟ್ಟ ಸಿಬಿಟಿಗೂ ಆನ್‌ಲೈನ್ ಸಿಬಿಟಿಗೂ ಲೆಕ್ಕಕ್ಕೆ ಬರುವ ವ್ಯತ್ಯಾಸ ಕಾಣಲಿಲ್ಲ. ಮಾರಾಟಗಾರರು ನಿಮ್ಮ ಮುಂದೆ ಇಡುವುದು ಇದೇ ಅಧ್ಯಯನವನ್ನು. ಅದರಲ್ಲಿದ್ದ ಆನ್‌ಲೈನ್ ಕೋರ್ಸ್‌ಗಳಲ್ಲಿ ಮಾರ್ಗದರ್ಶಕರಿದ್ದರು ಎಂಬುದನ್ನು ಅವರು ಹೇಳುವುದಿಲ್ಲ. ಅದನ್ನು ನೀವೇ ಕೇಳಬೇಕು.

ಮಾರ್ಗದರ್ಶಕರು ಇಲ್ಲದಿದ್ದರೆ ಏನಾಗುತ್ತದೆ? ಬ್ರಿಟನ್‌ನಲ್ಲಿ 691 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ರಿಯಾಕ್ಟ್ ಪ್ರಯೋಗ ಅದನ್ನು ತೋರಿಸಿದೆ. ಕುಟುಂಬ ವೈದ್ಯರ ಮಾಮೂಲಿ ಆರೈಕೆಯ ಜೊತೆಗೆ ಕೆಲವರಿಗೆ 'ಬೀಟಿಂಗ್ ದಿ ಬ್ಲೂಸ್', ಕೆಲವರಿಗೆ 'ಮೂಡ್‌ಜಿಮ್' ಎಂಬ ಕಂಪ್ಯೂಟರ್ ಕೋರ್ಸ್ ಕೊಟ್ಟರು. ಎರಡೂ ಹೆಸರು ಮಾಡಿದ್ದ ಕೋರ್ಸ್‌ಗಳೇ. ಫೋನ್ ಮಾಡಿ ನೆನಪಿಸುವ, ತಾಂತ್ರಿಕ ತೊಂದರೆ ಸರಿಮಾಡುವ ವ್ಯವಸ್ಥೆ ಇತ್ತು. ಚಿಕಿತ್ಸೆಯ ಮಾರ್ಗದರ್ಶನ ಇರಲಿಲ್ಲ. ನಾಲ್ಕು ತಿಂಗಳ ನಂತರ ನೋಡಿದರೆ ಮಾಮೂಲಿ ಆರೈಕೆಗಿಂತ ಯಾವ ಲಾಭವೂ ಇಲ್ಲ. ಯಾಕೆ ಎಂಬುದಕ್ಕೆ ಒಂದು ಅಂಕಿ ಸಾಕು: ಎಂಟು ಸೆಷನ್‌ಗಳ ಮೊದಲ ಕೋರ್ಸ್‌ನಲ್ಲಿ ಜನ ಮುಗಿಸಿದ್ದರ ಮಧ್ಯಾಂಕ (ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನವರ ಲೆಕ್ಕ) ಎರಡು, ಆರು ಸೆಷನ್‌ಗಳ ಎರಡನೆಯದರಲ್ಲಿ ಒಂದು. ಔಷಧದ ಚೀಟಿ ಕೊಟ್ಟು, ಎರಡು ಮಾತ್ರೆ ನುಂಗಿಸಿ, ಔಷಧ ಕೆಲಸ ಮಾಡಲಿಲ್ಲ ಎಂದಂತೆ. ಮುಂದೆ ಇನ್ನೊಂದು ಪ್ರಯೋಗದಲ್ಲಿ ಅದೇ ಮೂಡ್‌ಜಿಮ್‌ಗೆ ತರಬೇತಿ ಪಡೆದವರ ಫೋನ್ ಮಾರ್ಗದರ್ಶನ ಸೇರಿಸಿದಾಗ ನಾಲ್ಕು ತಿಂಗಳ ಫಲ ಉತ್ತಮವಾಯಿತು. ಪಾಠ ಅದೇ, ಪರದೆ ಅದೇ.

ಹಾಗೆಂದು ಎಲ್ಲರಿಗೂ ಮಾರ್ಗದರ್ಶಕರು ಬೇಕೇ ಬೇಕು ಎಂದು ಹಟ ಹಿಡಿಯುವುದಿಲ್ಲ. 2021ರಲ್ಲಿ ಎಯ್ರಿನಿ ಕಾರ್ಯೊಟಾಕಿ ಮುಂದಾಳತ್ವದ ತಂಡ 39 ಪ್ರಯೋಗಗಳಲ್ಲಿದ್ದ ಒಬ್ಬೊಬ್ಬರ ಮಾಹಿತಿಯನ್ನೂ ಸೇರಿಸಿ ವಿಶ್ಲೇಷಿಸಿತು. ಖಿನ್ನತೆ ಸೌಮ್ಯವಾಗಿದ್ದವರಲ್ಲಿ ಮಾರ್ಗದರ್ಶನ ಇದ್ದರೂ ಇಲ್ಲದಿದ್ದರೂ ಫಲ ಹೆಚ್ಚುಕಡಿಮೆ ಒಂದೇ. ಅದಕ್ಕಿಂತ ಮೇಲಿನವರಲ್ಲಿ ಮಾರ್ಗದರ್ಶನ ಇದ್ದದ್ದೇ ಮೇಲು. ನಿಮ್ಮ ಯೋಜನೆಗೆ ಇದರಿಂದ ಒಂದು ನೇರ ನಿಯಮ ಸಿಗುತ್ತದೆ. ಖಿನ್ನತೆ ಅಳೆಯುವ ಪಿಎಚ್‌ಕ್ಯು-9 ಎಂಬ ಪ್ರಶ್ನಾವಳಿಯಲ್ಲಿ ಅಂಕ 5ರಿಂದ 9ರ ನಡುವೆ ಇರುವವರಿಗೆ ಮಾರ್ಗದರ್ಶಕರಿಲ್ಲದೆ ತಾನೇ ನಡೆಯುವ ಕೋರ್ಸ್ ಕೊಡಿ, 10 ಮತ್ತು ಮೇಲಿನವರಿಗೆ ಮಾರ್ಗದರ್ಶಕರನ್ನು ಕೊಡಿ. 20 ದಾಟಿದವರನ್ನು ಮೊದಲು ಒಬ್ಬ ವೈದ್ಯರು ನೋಡಲಿ. ಆದರೆ ಅಂಕ ಹೆಚ್ಚಿದ್ದ ಮಾತ್ರಕ್ಕೆ ಅವರಿಗೆ ಕೋರ್ಸ್ ನಿರಾಕರಿಸಬೇಡಿ. ತೀವ್ರ ಖಿನ್ನತೆ ಇರುವವರಿಗೂ ಇದರಿಂದ ಉಪಯೋಗ ಆಗುತ್ತದೆ, ಒಂಟಿಯಾಗಿ ಬಿಡಬಾರದು ಅಷ್ಟೆ.

ಈಗ ಲೆಕ್ಕ. ಒಬ್ಬರಿಗೆ ವಾರಕ್ಕೆ 15 ನಿಮಿಷ, ಎಂಟು ವಾರಕ್ಕೆ 120 ನಿಮಿಷ. ಆರಂಭದ ಮೌಲ್ಯಮಾಪನಕ್ಕೆ ಫೋನಿನಲ್ಲಿ 45 ನಿಮಿಷ, ಕೊನೆಗೆ 15 ನಿಮಿಷ. ಒಟ್ಟು ಮೂರು ಗಂಟೆ. ಎದುರು ಕೂತು ಮಾಡುವ ಸಿಬಿಟಿ 50 ನಿಮಿಷದ 12 ಭೇಟಿ ಎಂದಿಟ್ಟುಕೊಂಡರೆ ಹತ್ತು ಗಂಟೆ. ಅಂದರೆ ಒಬ್ಬರಿಗೆ ಬೇಕಾದ ಹೊತ್ತಿನಲ್ಲಿ ಮೂವರನ್ನು ನೋಡಬಹುದು. ಉಳಿತಾಯ ಆಗಲೇ ಆಗಿದೆ. ಅಷ್ಟು ಸಾಲದೆಂದು ಆ ಮೂರು ಗಂಟೆಯನ್ನೂ ಸೊನ್ನೆ ಮಾಡಲು ಹೊರಟಾಗಲೇ ಯೋಜನೆ ಕುಸಿಯುವುದು. ಇನ್ನೊಂದು ಎಚ್ಚರಿಕೆ: ವಾರಕ್ಕೆ 20 ಗಂಟೆ ಈ ಕೆಲಸಕ್ಕಿಟ್ಟ ಮಾರ್ಗದರ್ಶಕರಿಗೆ ಕಾಗದದ ಮೇಲೆ 80 ಜನರನ್ನು ಹೊರಿಸಬಹುದು. ಹೊರಿಸಬೇಡಿ. ತುರ್ತು ಕರೆ ಮಾಡಬೇಕಾದ ದಿನ, ಉತ್ತರ ಕೊಡದವರನ್ನು ಹುಡುಕಬೇಕಾದ ದಿನ, ದಾಖಲೆ ಬರೆಯುವ ಹೊತ್ತು, ಎಲ್ಲಕ್ಕೂ ಜಾಗ ಬೇಕು. 50 ದಾಟಿದರೆ ಸಂದೇಶಗಳು ನಕಲು-ಅಂಟಿಸು ಆಗತೊಡಗುತ್ತವೆ, ಓದುವವರಿಗೆ ಅದು ಎರಡೇ ವಾರದಲ್ಲಿ ಗೊತ್ತಾಗುತ್ತದೆ.

ಮಾರ್ಗದರ್ಶಕರೆಲ್ಲ ಡಾಕ್ಟರೇಟ್ ಪಡೆದವರೇ ಆಗಬೇಕೆಂದಿಲ್ಲ. 2010ರಲ್ಲಿ ಆಸ್ಟ್ರೇಲಿಯಾದ ತಂಡ ಚಿಕಿತ್ಸಕರ ನೆರವಿದ್ದ ಗುಂಪನ್ನೂ, ಚಿಕಿತ್ಸಕರಲ್ಲದ ಸಿಬ್ಬಂದಿಯ ನೆರವಿದ್ದ ಗುಂಪನ್ನೂ ಹೋಲಿಸಿ ನೋಡಿತು. ಖಿನ್ನತೆಯಲ್ಲೂ, ಸಾಮಾನ್ಯೀಕೃತ ಆತಂಕದಲ್ಲೂ (ಹಲವು ವಿಷಯಗಳ ಬಗ್ಗೆ ಬಿಡದೆ ಕಾಡುವ ಚಿಂತೆ) ಎರಡು ಗುಂಪುಗಳ ಫಲ ಸಮಸಮವಾಗಿತ್ತು. ಆದರೆ ಆ ಸಿಬ್ಬಂದಿ ಏನು ಹೇಳಬೇಕು, ಏನು ಹೇಳಬಾರದು ಎಂಬುದು ಖಚಿತವಾಗಿತ್ತು, ಮೇಲೆ ಅನುಭವಿ ಚಿಕಿತ್ಸಕರ ಉಸ್ತುವಾರಿ ಇತ್ತು. ವಾರಕ್ಕೊಂದು ಗಂಟೆಯ ಉಸ್ತುವಾರಿ ಸಭೆಯನ್ನು ಸಂಬಳದ ಸಮಯದೊಳಗೇ ಸೇರಿಸಿ. ಊಟದ ಬಿಡುವಿನಲ್ಲಿ ನಡೆಯುವ ಸಭೆ ಮೂರನೇ ವಾರಕ್ಕೆ ನಿಂತುಹೋಗುತ್ತದೆ.

ಆ ಹದಿನೈದು ನಿಮಿಷದಲ್ಲಿ ಏನು ನಡೆಯಬೇಕು? ಹೆಚ್ಚಿನ ಯೋಜನೆಗಳು ಇಲ್ಲೇ ಎಡವುವುದು. "ತುಂಬಾ ಚೆನ್ನಾಗಿ ಮಾಡುತ್ತಿದ್ದೀರಿ, ಹೀಗೇ ಮುಂದುವರಿಸಿ" ಎಂಬುದು ಮಾರ್ಗದರ್ಶನ ಅಲ್ಲ, ಶುಭಾಶಯ. ಕೆಲಸಕ್ಕೆ ಬರುವ ಸಂದೇಶ ಹೀಗಿರುತ್ತದೆ:

"ಮಂಗಳವಾರ ಮತ್ತು ಗುರುವಾರ ಹತ್ತು ನಿಮಿಷ ನಡೆದೆ, ಶನಿವಾರ ಆಗಲಿಲ್ಲ ಎಂದು ಬರೆದಿದ್ದೀರಿ. ನಡೆದ ಎರಡೂ ದಿನ ನಿಮ್ಮ ಮನಸ್ಥಿತಿಯ ಅಂಕ 3ರಿಂದ 5ಕ್ಕೆ ಏರಿದೆ. ಹೊರಡುವ ಮುಂಚೆ ಮಾತ್ರ ಎರಡೂ ದಿನ 'ಮನಸ್ಸೇ ಇಲ್ಲ' ಎಂದಿದ್ದೀರಿ. ಮನಸ್ಸು ಬರಲಿ ಎಂದು ಕಾಯದೆ ಹೊರಡಿ ಎಂದು ಎರಡನೇ ಪಾಠ ಹೇಳಿದ್ದು ಇದಕ್ಕೇ. ಶನಿವಾರ ಏನು ಅಡ್ಡ ಬಂತು? ಈ ವಾರ ಅದೇ ಹತ್ತು ನಿಮಿಷವನ್ನು ಯಾವ ಮೂರು ದಿನ, ಎಷ್ಟು ಗಂಟೆಗೆ ಇಡುತ್ತೀರಿ? ಬುಧವಾರದೊಳಗೆ ಬರೆಯಿರಿ, ನಾನು ಗುರುವಾರ ಬೆಳಗ್ಗೆ ನೋಡುತ್ತೇನೆ."

ಇದರಲ್ಲಿ ಅವರು ಮಾಡಿದ್ದನ್ನೇ ಎತ್ತಿ ಹೇಳಿದ್ದಾರೆ, ಅವರ ಅಂಕಿಗಳಿಂದಲೇ ಪಾಠವನ್ನು ತೋರಿಸಿದ್ದಾರೆ, ಆಗದೆ ಹೋದದ್ದನ್ನು ತಪ್ಪೆನ್ನದೆ ವಿಚಾರಿಸಿದ್ದಾರೆ, ಒಂದೇ ಒಂದು ಕೆಲಸ ಕೊಟ್ಟಿದ್ದಾರೆ, ದಿನ ಗೊತ್ತು ಮಾಡಿದ್ದಾರೆ. ಕೊನೆಯದನ್ನು ಹಗುರವಾಗಿ ನೋಡಬೇಡಿ. ಗುರುವಾರ ಬೆಳಗ್ಗೆ ಒಬ್ಬರು ಓದುತ್ತಾರೆ ಎಂದು ಗೊತ್ತಿದ್ದರೆ ಬುಧವಾರ ರಾತ್ರಿ ಅಭ್ಯಾಸ ನಡೆಯುತ್ತದೆ. ತಕ್ಷಣ ಉತ್ತರ ಕೊಡುವ ವ್ಯವಸ್ಥೆಗಿಂತ, ಹೇಳಿದ ದಿನ ತಪ್ಪದೆ ಉತ್ತರ ಬರುವ ವ್ಯವಸ್ಥೆಯೇ ಮೇಲು. ಮಾರ್ಗದರ್ಶಕರು ರಜೆ ಹಾಕುವುದಿದ್ದರೆ ಒಂದು ವಾರ ಮೊದಲೇ ತಿಳಿಸಿ, ಬದಲಿಯವರ ಹೆಸರು ಕೊಡಬೇಕು.

ಪಾಠಗಳ ಒಳಗಿನ ತಪ್ಪುಗಳಿಗೆ ಬರೋಣ. ಟೆಂಡರ್ ಸಮಿತಿಯಲ್ಲಿ ಇದನ್ನು ಬಿಡಿಸಿ ನೋಡುವವರು ಅಪರೂಪ. ಬಣ್ಣ, ಚಿತ್ರ, ಭಾಷೆ ನೋಡಿ ಅಂಕ ಹಾಕುತ್ತಾರೆ.

ಖಿನ್ನತೆಯ ಕೋರ್ಸ್ ಚಟುವಟಿಕೆಯಿಂದ ಶುರುವಾಗಬೇಕು, ಯೋಚನೆಗಳ ತಪಾಸಣೆಯಿಂದ ಅಲ್ಲ. ಮೊದಲ ವಾರ ಬರೀ ದಾಖಲೆ: ದಿನದ ಯಾವ ಹೊತ್ತಿನಲ್ಲಿ ಏನು ಮಾಡಿದಿರಿ, ಆಗ ಮನಸ್ಥಿತಿ 0ರಿಂದ 10ರಲ್ಲಿ ಎಷ್ಟು. ಎರಡನೇ ವಾರದಿಂದ ಎರಡು-ಮೂರು ಸಣ್ಣ ಕೆಲಸ, ಗಂಟೆ-ನಿಮಿಷ-ಜಾಗ ಸಮೇತ. "ವ್ಯಾಯಾಮ ಶುರು ಮಾಡುತ್ತೇನೆ" ಎಂಬುದು ಯೋಜನೆಯಲ್ಲ. "ಮಂಗಳವಾರ 7 ಗಂಟೆಗೆ ಬಾಗಿಲಿನಿಂದ ರಸ್ತೆ ತಿರುವಿನವರೆಗೆ" ಎಂಬುದು ಯೋಜನೆ. ಸಾಮಾನ್ಯವಾಗಿ ಕೆಡುವುದು ಗಾತ್ರದಲ್ಲಿ: ಮೊದಲ ಪಾಠ ಓದಿದ ಹುರುಪಿನಲ್ಲಿ ಜನ ದಿನಕ್ಕೆ ಒಂದು ಗಂಟೆ ಎಂದು ಬರೆಯುತ್ತಾರೆ, ಮೂರನೇ ದಿನ ಬಿಡುತ್ತಾರೆ, ಬಿಟ್ಟಿದ್ದನ್ನೇ ತಮ್ಮ ಅಯೋಗ್ಯತೆಗೆ ಸಾಕ್ಷಿ ಮಾಡಿಕೊಳ್ಳುತ್ತಾರೆ. ಹಾಗಾಗಿ ಅವರು ಬರೆದದ್ದನ್ನು ಅರ್ಧ ಮಾಡಿಸುವುದೇ ಮಾರ್ಗದರ್ಶಕರ ಮೊದಲ ಕೆಲಸ. ಯೋಚನೆಗಳ ಹಾಳೆಯನ್ನು ಮೂರನೇ ಪಾಠಕ್ಕೆ ಇಡಿ. ಅದು ಮೊಬೈಲ್ ಪರದೆಯಲ್ಲಿ ಮೂರು ಕಾಲಂ ಮೀರಬಾರದು: ಏನಾಯಿತು, ಮನಸ್ಸಿನಲ್ಲಿ ಏನು ಓಡಿತು, ಏನನ್ನಿಸಿತು. ಪುರಾವೆ, ಪರ್ಯಾಯ ಇತ್ಯಾದಿ ಆಮೇಲೆ ಬರಲಿ. ಪುಸ್ತಕದಲ್ಲಿರುವ ಏಳು ಕಾಲಂಗಳ ಹಾಳೆಯನ್ನು ಹಾಗೇ ಫೋನಿಗೆ ಇಳಿಸಿದವರಿಗೆ ಖಾಲಿ ಹಾಳೆಗಳು ವಾಪಸು ಬರುತ್ತವೆ.

ಆತಂಕದ ಕೋರ್ಸ್‌ನ ಹೃದಯ ಭಯವನ್ನು ಎದುರಿಸುವ ಅಭ್ಯಾಸ. ಇಡೀ ಕೋರ್ಸ್‌ನಲ್ಲಿ ಅತ್ಯಂತ ಕಷ್ಟದ್ದು ಅದೇ, ಅತಿ ಹೆಚ್ಚು ಕೆಡುವುದೂ ಅದೇ. ಎಂಟು-ಹತ್ತು ಮೆಟ್ಟಿಲಿನ ಪಟ್ಟಿ ಮಾಡಿಸಿ, ಒಂದೊಂದಕ್ಕೂ 0ರಿಂದ 100ರವರೆಗೆ ಭಯದ ಅಂಕ ಹಾಕಿಸಿ, 40-50ರ ಆಸುಪಾಸಿನಿಂದ ಶುರು ಮಾಡಿಸಿ. 20ರಿಂದ ಶುರು ಮಾಡಿದರೆ ಕಲಿಯುವುದಕ್ಕೇ ಏನೂ ಇರುವುದಿಲ್ಲ. 90ರಿಂದ ಶುರು ಮಾಡಿದವರು ಮುಂದಿನ ವಾರ ಲಾಗಿನ್ ಆಗುವುದಿಲ್ಲ. ಹೋಗುವ ಮುನ್ನ ಒಂದು ಸಾಲು ಬರೆಸಬೇಕು: ಏನಾಗುತ್ತದೆ ಎಂದು ಹೆದರಿಕೆ, ಎಷ್ಟು ಶೇಕಡಾ ನಂಬಿಕೆ. "ಲಿಫ್ಟ್‌ನಲ್ಲಿ ಉಸಿರು ಕಟ್ಟಿ ಬೀಳುತ್ತೇನೆ, 80%." ಬಂದ ಮೇಲೆ ಏನಾಯಿತು ಎಂದು ಬರೆಸಬೇಕು. ಮಿಷೆಲ್ ಕ್ರಾಸ್ಕೆ ಮೊದಲಾದವರ ಸಂಶೋಧನೆ ಒತ್ತಿ ಹೇಳುವುದು ಇದನ್ನೇ: ಅಭ್ಯಾಸದ ನಡುವೆ ಭಯ ಇಳಿಯಿತೋ ಇಲ್ಲವೋ ಎನ್ನುವುದಕ್ಕಿಂತ, ನಿರೀಕ್ಷಿಸಿದ್ದು ಸುಳ್ಳಾಯಿತು ಎಂಬ ಅರಿವು ಮುಖ್ಯ. ಒಮ್ಮೆ ಹೋಗಿ ಬಂದರೆ ಸಾಲದು. ವಾರಕ್ಕೆ ಮೂರು-ನಾಲ್ಕು ಸಲ, ಬೇರೆ ಬೇರೆ ಹೊತ್ತು, ಬೇರೆ ಬೇರೆ ಜಾಗ.

ಇದನ್ನು ಒಳಗಿಂದ ಕೊರೆಯುವುದು ರಕ್ಷಣೆಯ ಸಣ್ಣ ಉಪಾಯಗಳು. ಕೈಯಲ್ಲಿ ನೀರಿನ ಬಾಟಲಿ, ಜೇಬಿನಲ್ಲಿ ಮಾತ್ರೆ, ಕಿವಿಯಲ್ಲಿ ಸಂಗಾತಿಯ ಫೋನ್, ಬಾಗಿಲ ಪಕ್ಕದ ಸೀಟು. ಇವುಗಳನ್ನು ಹಿಡಿದುಕೊಂಡೇ ನೂರು ಸಲ ಲಿಫ್ಟ್ ಹತ್ತಿದರೂ ಮೆದುಳು ಕಲಿಯುವ ಪಾಠ "ಬಾಟಲಿ ಇತ್ತು, ಬದುಕಿದೆ" ಎಂದು. ಸಾಫ್ಟ್‌ವೇರ್ ಇದನ್ನು ಹಿಡಿಯಲಾರದು, ಏಕೆಂದರೆ ಅಭ್ಯಾಸ ಮುಗಿದಿದೆ, ಪೆಟ್ಟಿಗೆಯಲ್ಲಿ ಟಿಕ್ ಬಿದ್ದಿದೆ. ಬರೆದದ್ದನ್ನು ಓದುವ ಮನುಷ್ಯರು "ಆಗ ಕೈಯಲ್ಲಿ ಏನಿತ್ತು?" ಎಂದು ಕೇಳಬೇಕು. ವಾರಕ್ಕೆ ಹದಿನೈದು ನಿಮಿಷ ಎಂದು ನಾವು ಬೇಡುತ್ತಿರುವುದರ ಬಹುಪಾಲು ಆ ಒಂದು ಪ್ರಶ್ನೆಗಾಗಿ.

ಆ್ಯಪ್‌ಗಳಲ್ಲಿ ಎದ್ದು ಕಾಣುವ ಉಸಿರಾಟದ ಅಭ್ಯಾಸವೂ ಹೀಗೇ ಬಾಟಲಿಯಾಗಬಹುದು. ಹಿಗ್ಗುವ-ಕುಗ್ಗುವ ನೀಲಿ ವೃತ್ತ ನೋಡಲು ಚೆನ್ನ, ತಯಾರಿಸಲು ಅಗ್ಗ. ಒತ್ತಡದ ದಿನ ಅದರಿಂದ ಹಾಯೆನಿಸುತ್ತದೆ, ತಕರಾರಿಲ್ಲ. ಆದರೆ ಇದ್ದಕ್ಕಿದ್ದಂತೆ ತೀವ್ರ ಭಯ ಅಪ್ಪಳಿಸುವ ಪ್ಯಾನಿಕ್ ಕಾಯಿಲೆ ಇರುವವರಿಗೆ ಎದೆ ಬಡಿದಾಗಲೆಲ್ಲ ವೃತ್ತ ನೋಡಿ ಎಂದು ಕಲಿಸಿದರೆ, ಎದೆ ಬಡಿತ ಅಪಾಯ ಎಂದೇ ಕಲಿಸಿದಂತೆ. ಅವರಿಗೆ ಬೇಕಾದ್ದು ತಿರುಗುಮುರುಗು: ಒಂದು ನಿಮಿಷ ಬೇಗಬೇಗ ಉಸಿರಾಡಿಸಿ, ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಸುತ್ತಿಸಿ, ನಿಂತಲ್ಲೇ ಓಡಿಸಿ, ಆ ತಲೆಸುತ್ತು, ಆ ಎದೆಬಡಿತ ತಾನಾಗಿ ಬಂದು ತಾನಾಗಿ ಹೋಗುವುದನ್ನು ನೋಡಿಸುವುದು. ಹೃದ್ರೋಗ, ಅಪಸ್ಮಾರ, ಆಸ್ತಮಾ ಇರುವವರಿಗೆ, ಗರ್ಭಿಣಿಯರಿಗೆ ವೈದ್ಯರನ್ನು ಕೇಳದೆ ಇದನ್ನು ಕೊಡಬಾರದು. ಆ ಪ್ರಶ್ನೆಗಳು ನೋಂದಣಿಯ ಹಂತದಲ್ಲೇ ಇರಬೇಕು, ನಾಲ್ಕನೇ ಪಾಠದ ಅಡಿಟಿಪ್ಪಣಿಯಲ್ಲಿ ಅಲ್ಲ.

ಎದುರಿಸುವ ಅಭ್ಯಾಸ ಶುರುವಾಗುವ ವಾರಕ್ಕೆ ಒಂದು ಹೆಚ್ಚುವರಿ ಫೋನ್ ಕರೆ ಕಾದಿರಿಸಿ. ಕೋರ್ಸ್ ಬಿಟ್ಟುಹೋಗಲು ಅದಕ್ಕಿಂತ ಒಳ್ಳೆಯ ನೆಪ ಇನ್ನೊಂದಿಲ್ಲ. ಮಾರ್ಗದರ್ಶಕರಿಲ್ಲದ ಖಿನ್ನತೆಯ ಕೋರ್ಸ್‌ಗಳನ್ನು ಯಾರು ಹೆಚ್ಚು ಬಿಡುತ್ತಾರೆ ಎಂಬುದೂ ಗೊತ್ತಿದೆ: ಗಂಡಸರು, ಕಡಿಮೆ ಓದಿದವರು, ಖಿನ್ನತೆಯ ಜೊತೆ ಆತಂಕವೂ ಇರುವವರು, ವಯಸ್ಸಿನಲ್ಲಿ ಚಿಕ್ಕವರು. ಕರೆಗಳು ಕಡಿಮೆ ಇದ್ದರೆ ಮೊದಲು ಇವರಿಗೆ ಹಂಚಿ. ಪಾಠದ ಭಾಷೆಯನ್ನೂ ಕಡಿಮೆ ಓದಿದವರೊಬ್ಬರ ಕೈಲಿ ಗಟ್ಟಿಯಾಗಿ ಓದಿಸಿ ನೋಡಿ. ಅವರು ತಡವರಿಸಿದ ಸಾಲು ತಿದ್ದಬೇಕಾದ ಸಾಲು.

ಇನ್ನು ಅಳತೆ. ಪಿಎಚ್‌ಕ್ಯು-9 ಎಂಬುದು 2001ರ ಒಂಬತ್ತು ಪ್ರಶ್ನೆಗಳ ಪಟ್ಟಿ, 0ರಿಂದ 27 ಅಂಕ. 5, 10, 15, 20ರಲ್ಲಿ ಗೆರೆಗಳು. ಜಿಎಡಿ-7 ಆತಂಕಕ್ಕೆ, 2006ರದ್ದು, 0ರಿಂದ 21. ಗೆರೆಗಳು 5, 10, 15. ಎರಡೂ ಉಚಿತ, ಎರಡೂ ಒಳ್ಳೆಯವೇ. ಆದರೆ ಇವು ಜರಡಿ, ರೋಗನಿರ್ಣಯ ಅಲ್ಲ. ಥೈರಾಯ್ಡ್ ಕೊರತೆ, ರಕ್ತಹೀನತೆ, ಕುಡಿತ, ನಿದ್ದೆಗೆಡಿಸುವ ಪಾಳಿ ಕೆಲಸ, ಇವೆಲ್ಲ ಅಂಕ ಏರಿಸುತ್ತವೆ. ಹಿಂದೆ ಯಾವಾಗಲಾದರೂ ನಿದ್ದೆಯಿಲ್ಲದೆಯೂ ದಿನಗಟ್ಟಲೆ ದಣಿಯದೆ, ಮಿತಿಮೀರಿದ ಉತ್ಸಾಹದಲ್ಲಿದ್ದಿರಾ ಎಂದು ಕೇಳದೆ ಖಿನ್ನತೆಯ ಕೋರ್ಸ್‌ಗೆ ಸೇರಿಸಿದರೆ ಖಿನ್ನತೆ ಮತ್ತು ಅತಿ ಉತ್ಸಾಹ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆ ಇರುವವರು ತಪ್ಪು ಬಾಗಿಲಿನಿಂದ ಒಳಬರುತ್ತಾರೆ. ಆ 45 ನಿಮಿಷದ ಫೋನ್ ಇರುವುದು ಇದಕ್ಕೇ.

ಪ್ರಶ್ನೆಗಳ ಮಾತಿನಲ್ಲೂ ಬಲೆಗಳಿವೆ. ಎಂಟನೆಯದು ನಿಧಾನವಾಗಿರುವುದನ್ನೂ ಚಡಪಡಿಸುವುದನ್ನೂ ಒಂದೇ ಪ್ರಶ್ನೆಯಲ್ಲಿ ಕೇಳುತ್ತದೆ. ಅನುವಾದದಲ್ಲಿ ಅದು ಇನ್ನೂ ಗೋಜಲಾಗುತ್ತದೆ. ಮೂಲ ಪಟ್ಟಿ ಕಳೆದ ಎರಡು ವಾರದ ಬಗ್ಗೆ ಕೇಳುತ್ತದೆ. ನೀವು ಪ್ರತಿ ವಾರ ತುಂಬಿಸಿದರೆ ಒಂದು ವಾರ ಎರಡು ಸಲ ಎಣಿಕೆಯಾಗುತ್ತದೆ, ಏರಿಳಿತ ಮೊಂಡಾಗಿ ಕಾಣುತ್ತದೆ. ಇದು ತಿಳಿದಿದ್ದರೆ ಸಾಕು. ಒಂದೇ ವಾರದ ಅಂಕ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ.

ಒಂಬತ್ತನೇ ಪ್ರಶ್ನೆಗೆ ಪ್ರತ್ಯೇಕ ಕ್ರಮ ಬೇಕು. ಸತ್ತಿದ್ದರೆ ಚೆನ್ನಾಗಿತ್ತು ಎಂಬ ಯೋಚನೆ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಎರಡೂ ಅದರಲ್ಲಿ ಬೆರೆತಿವೆ. ಅಂಕ ನೋಡಿ ಯಾವುದೆಂದು ಹೇಳಲಾಗದು, ಕೇಳಲೇಬೇಕು. 1 ಅಥವಾ ಹೆಚ್ಚು ಬಂದ ಕೂಡಲೇ ಪರದೆ ಮುಂದಿನ ಪ್ರಶ್ನೆಗಳನ್ನು ಕೇಳಲಿ: ಹೇಗೆ ಎಂಬ ಯೋಜನೆ ಇದೆಯೇ, ಅದಕ್ಕೆ ಬೇಕಾದದ್ದು ಕೈಗೆಟಕುವಂತಿದೆಯೇ, ಹಿಂದೆ ಪ್ರಯತ್ನಿಸಿದ್ದುಂಟೇ. ಅದೇ ಪರದೆಯಲ್ಲಿ ಅವರು ಇರುವ ಕಡೆಯ ತುರ್ತು ಸಂಖ್ಯೆ, ಒತ್ತಿದರೆ ಕರೆ ಹೋಗುವಂತೆ ಇರಲಿ. ಯೋಜನೆ ಇದೆ ಎಂದವರಿಗೆ, ಅಂಕ 2 ಅಥವಾ 3 ಇರುವವರಿಗೆ, ಹಿಂದಿನ ವಾರ 0 ಇದ್ದು ಈಗ ಏರಿದವರಿಗೆ ಅದೇ ದಿನ ಕರೆ ಹೋಗಬೇಕು. ಎತ್ತದಿದ್ದರೆ ಇನ್ನೆರಡು ಸಲ. ಆಮೇಲೆ, ಸೇರುವಾಗಲೇ ಒಪ್ಪಿಗೆ ಪಡೆದು ಬರೆಸಿಕೊಂಡ ಆಪ್ತರಿಗೆ. ಯಾರು ಕರೆ ಮಾಡುತ್ತಾರೆ, ಅವರಿಲ್ಲದಿದ್ದರೆ ಯಾರು ಎಂಬ ಎರಡು ಹೆಸರು ಗೋಡೆಯ ಮೇಲಿರಬೇಕು. ರಾತ್ರಿ ಎರಡು ಗಂಟೆಗೆ ತುಂಬಿದರೆ ಬೆಳಗಿನವರೆಗೆ ಯಾರೂ ನೋಡುವುದಿಲ್ಲ ಎಂದಿದ್ದರೆ, ಅದನ್ನು ತುಂಬುವ ಮೊದಲೇ ಸ್ಪಷ್ಟವಾಗಿ ಹೇಳಿ.

ಕಾನೂನು ವಿಭಾಗದವರು ಇಲ್ಲಿ ಒಂದು ಸಲಹೆ ಕೊಡುತ್ತಾರೆ: ಆ ಪ್ರಶ್ನೆಗೆ ಹೌದು ಎಂದವರನ್ನು ಕೋರ್ಸ್‌ನಿಂದ ಹೊರಗಿಡಿ. ದಯವಿಟ್ಟು ಒಪ್ಪಬೇಡಿ. ಸಾಯುವ ಯೋಚನೆ ಖಿನ್ನತೆಯ ಲಕ್ಷಣ. ಅದಿರುವವರನ್ನೆಲ್ಲ ಹೊರಗಿಟ್ಟರೆ ಚಿಕಿತ್ಸೆ ಬೇಕಾದವರೇ ಹೊರಗುಳಿಯುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ, ಒಮ್ಮೆ ನಿಜ ಹೇಳಿ ಬಾಗಿಲು ಮುಚ್ಚಿಸಿಕೊಂಡವರು ಮುಂದಿನ ಸಲ ಎಲ್ಲೇ ಕೇಳಿದರೂ 0 ಎಂದು ಒತ್ತುತ್ತಾರೆ.

ಫಲಿತಾಂಶದ ವರದಿಯನ್ನು ಓದುವುದಕ್ಕೂ ಸ್ವಲ್ಪ ತಯಾರಿ ಬೇಕು. ಡೌನ್‌ಲೋಡ್ ಸಂಖ್ಯೆಯನ್ನು ವರದಿಯಿಂದಲೇ ತೆಗೆಸಿ. 2019ರಲ್ಲಿ 93 ಮಾನಸಿಕ ಆರೋಗ್ಯ ಆ್ಯಪ್‌ಗಳ ನಿಜವಾದ ಬಳಕೆಯನ್ನು ಅಮಿತ್ ಬೌಮೆಲ್ ಮತ್ತು ಸಂಗಡಿಗರು ನೋಡಿದಾಗ, 30ನೇ ದಿನಕ್ಕೆ ಇನ್ನೂ ಬಳಸುತ್ತಿದ್ದವರ ಮಧ್ಯಾಂಕ ಶೇ. 3.3. ಲಕ್ಷ ಡೌನ್‌ಲೋಡ್ ಎಂದರೆ ತಿಂಗಳ ಕೊನೆಗೆ ಮೂರು ಸಾವಿರ ಚಿಲ್ಲರೆ ಜನ.

ಇನ್ನೊಂದು ಕಣ್ಕಟ್ಟು ಛೇದದಲ್ಲಿ ನಡೆಯುತ್ತದೆ. ಸಾವಿರ ಜನ ಸೇರಿದರು, ಸರಾಸರಿ ಅಂಕ 15. ಕೊನೆಯ ಪ್ರಶ್ನಾವಳಿ ತುಂಬಿದವರು 200, ಅವರ ಸರಾಸರಿ 8. "ಖಿನ್ನತೆ ಅರ್ಧಕ್ಕಿಳಿಯಿತು" ಎಂದು ಶೀರ್ಷಿಕೆ ಬರುತ್ತದೆ. ಉಳಿದ 800 ಜನರ ಕತೆ? ಗುಣವಾಗಿ ಬಿಟ್ಟವರೂ ಇರಬಹುದು, ಹದಗೆಟ್ಟು ಬಿಟ್ಟವರೂ ಇರಬಹುದು. ಹಾಗಾಗಿ ಪ್ರತಿ ಅಂಕಿಯ ಪಕ್ಕ ಎಷ್ಟು ಜನರಲ್ಲಿ ಎಷ್ಟು ಎಂಬುದು ಇರಲೇಬೇಕು, ಛೇದ ಯಾವಾಗಲೂ ಮೊದಲ ಪಾಠ ತೆರೆದವರ ಸಂಖ್ಯೆ. ಬಿಟ್ಟವರಿಗೆ ಫೋನ್ ಮಾಡಿ ಒಂಬತ್ತು ಪ್ರಶ್ನೆ ಕೇಳಲು ಐದು ನಿಮಿಷ ಸಾಕು. ಅದಕ್ಕೂ ಸಿಬ್ಬಂದಿ ಇರಬೇಕು ಅಷ್ಟೆ. ಜನ ತಮ್ಮ ಅತಿ ಕೆಟ್ಟ ವಾರದಲ್ಲಿ ಬಂದು ಸೇರುತ್ತಾರೆ, ಏನೂ ಮಾಡದಿದ್ದರೂ ಮುಂದಿನ ತಿಂಗಳು ಒಂದಿಷ್ಟು ಇಳಿದೇ ಇಳಿಯುತ್ತದೆ ಎಂಬುದನ್ನೂ ನೆನಪಿಡಿ. ಬೇರೆ ಬೇರೆ ವರ್ಷಗಳನ್ನು ಹೋಲಿಸುವಾಗ, ಅಂಕ 10ರ ಕೆಳಗೆ ಬಂದು ಕನಿಷ್ಠ 5 ಅಂಕವೂ ಇಳಿದವರನ್ನು ಮಾತ್ರ ಸುಧಾರಿಸಿದವರೆಂದು ಎಣಿಸಿ. 11ರಿಂದ 9ಕ್ಕೆ ಬಂದದ್ದು ಅಲುಗಾಟ, ಸುಧಾರಣೆಯಲ್ಲ.

ಹದಗೆಟ್ಟವರ ಸಂಖ್ಯೆಯನ್ನು ಕೇಳುವವರೇ ಇಲ್ಲ. 29 ಪ್ರಯೋಗಗಳ ಮಾಹಿತಿ ಸೇರಿಸಿ 2017ರಲ್ಲಿ ಅಲೆಕ್ಸಾಂಡರ್ ರೊಜೆಂಟಾಲ್ ತಂಡ ಪ್ರಕಟಿಸಿದ್ದರಲ್ಲಿ, ಆನ್‌ಲೈನ್ ಸಿಬಿಟಿ ಪಡೆದವರಲ್ಲಿ ಶೇ. 5.8, ಹೋಲಿಕೆಯ ಗುಂಪಿನಲ್ಲಿ ಶೇ. 17.4 ಜನ ಹದಗೆಟ್ಟಿದ್ದರು. ಅಂದರೆ ಚಿಕಿತ್ಸೆಯಿಂದ ಒಟ್ಟಾರೆ ರಕ್ಷಣೆಯೇ ಸಿಕ್ಕಿದೆ. ಆದರೂ ನೂರಕ್ಕೆ ಆರು ಜನ ಎಂದರೆ ಸಾವಿರಕ್ಕೆ ಅರವತ್ತು. ನಿಮ್ಮ ವರದಿಯಲ್ಲಿ ಆ ಸಂಖ್ಯೆ ಸೊನ್ನೆ ಎಂದಿದ್ದರೆ ಯಾರೂ ಎಣಿಸಿಲ್ಲ ಎಂದೇ ಅರ್ಥ.

ಗೌಪ್ಯತೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇವೆ, ಏಕೆಂದರೆ ನಿಮ್ಮಲ್ಲಿ ಅದಕ್ಕೆ ಬೇರೆ ತಜ್ಞರಿರುತ್ತಾರೆ. ಫಿನ್ಲೆಂಡ್‌ನಲ್ಲಿ ವಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯ ದಾಖಲೆಗಳು ಕಳುವಾದದ್ದು 2020ರ ಅಕ್ಟೋಬರ್‌ನಲ್ಲಿ ಬಯಲಾಯಿತು. ಸಂಸ್ಥೆಗಷ್ಟೇ ಅಲ್ಲ, ಒಬ್ಬೊಬ್ಬ ರೋಗಿಗೂ ಹಣದ ಬೆದರಿಕೆ ಹೋಯಿತು. ಹೆಸರು-ವಿಳಾಸ ಒಂದು ಕಡೆ, ಚಿಕಿತ್ಸೆಯ ಟಿಪ್ಪಣಿ ಇನ್ನೊಂದು ಕಡೆ, ನಡುವೆ ಬರೀ ಒಂದು ಸಂಕೇತ ಸಂಖ್ಯೆ ಎಂಬಂತೆ ಕಟ್ಟಿಸಿ. ಜಾಹೀರಾತು ಕಂಪನಿಗಳ ಟ್ರ್ಯಾಕರ್ ಒಂದೂ ಇರಬಾರದು. ತಾಂತ್ರಿಕ ಸಮಿತಿಯ ಕಣ್ಣಿಗೆ ಬೀಳದೆ ಹೋಗುವ ಒಂದು ವಿಷಯವಿದೆ: ಫೋನ್ ಎಲ್ಲರಿಗೂ ಸ್ವಂತದ್ದಲ್ಲ. ನೋಟಿಫಿಕೇಶನ್‌ನಲ್ಲಿ "ನಿಮ್ಮ ಖಿನ್ನತೆಯ ಪಾಠ ಬಾಕಿ ಇದೆ" ಎಂದು ಬಂದರೆ ಮನೆಯವರೆಲ್ಲ ಓದುತ್ತಾರೆ. "ಒಂದು ಸಂದೇಶವಿದೆ" ಎಂದರೆ ಸಾಕು.

ಚಾಟ್‌ಬಾಟ್ ಮಾರ್ಗದರ್ಶಕರ ಜಾಗ ತುಂಬುವುದಿಲ್ಲವೇ ಎಂದು ಈಗ ಎಲ್ಲರೂ ಕೇಳುತ್ತಾರೆ. ಯಂತ್ರದ ಎದುರು ಮನಸ್ಸು ಬಿಚ್ಚುವುದು ಜನರಿಗೆ ಕಷ್ಟವಲ್ಲ. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಬರೆದ ಎಲೈಜಾ ಎಂಬ ಪುಟ್ಟ ಪ್ರೋಗ್ರಾಂ ಕಾಲದಿಂದಲೇ ಅದು ಗೊತ್ತು. ತೊಂದರೆ ಬೇರೆ ಕಡೆ ಇದೆ. ಕಾಯಿಲೆಯ ಭಯ, ಒಸಿಡಿ ಎಂಬ ಗೀಳಿನ ಕಾಯಿಲೆ ಇರುವವರು ಬೇಡುವುದೇ ಭರವಸೆಯನ್ನು: ಏನೂ ಆಗಿಲ್ಲ ತಾನೇ, ಬಾಗಿಲು ಹಾಕಿದ್ದೇನೆ ತಾನೇ, ಇದು ಕ್ಯಾನ್ಸರ್ ಅಲ್ಲ ತಾನೇ. ನೂರು ಸಲ ಕೇಳಿದರೂ ಬೇಸರಿಸದೆ ನೂರು ಸಲ ಸಮಾಧಾನ ಹೇಳುವ ಯಂತ್ರ ಅವರ ಕಾಯಿಲೆಗೆ ಹಾಲೆರೆಯುತ್ತದೆ. ನೆನಪಿಸಲು, ಪಾಠದ ಒಂದು ಸಾಲು ಅರ್ಥವಾಗದಿದ್ದರೆ ಬಿಡಿಸಿ ಹೇಳಲು ಬಳಸಿ. ಬರೆದದ್ದನ್ನು ಓದಿ ಮುಂದಿನ ವಾರದ ಕೆಲಸ ನಿರ್ಧರಿಸಲು ಜವಾಬ್ದಾರಿ ಹೊತ್ತ ಒಬ್ಬ ಮನುಷ್ಯ ಬೇಕು.

ಕೊನೆಯದಾಗಿ ನಿಮ್ಮ ಕಷ್ಟದ ಮಾತು. ಹಣ ಮೂರು ಸಾವಿರ ಜನಕ್ಕೆ ಸಾಲದೆ, ಮಾರ್ಗದರ್ಶಕರ ಸಮೇತ ಲೆಕ್ಕ ಹಾಕಿದರೆ ಒಂಬೈನೂರಕ್ಕೆ ಮಾತ್ರ ಆಗುತ್ತದೆ ಎಂದುಕೊಳ್ಳಿ. ಒಂಬೈನೂರು ಜನರನ್ನೇ ಸೇರಿಸಿ. ಉಳಿದವರನ್ನು ಪಿಎಚ್‌ಕ್ಯು-9 ನೋಡಿ ವಿಂಗಡಿಸಿ: 10ರ ಕೆಳಗಿನವರಿಗೆ ತಾನೇ ನಡೆಯುವ ಪಾಠಗಳನ್ನು ಇವತ್ತೇ ತೆರೆದುಕೊಡಿ, ಮೇಲಿನವರಿಗೆ ಸರದಿಯ ತಿಂಗಳು ಯಾವುದೆಂದು ಬರೆದು ತಿಳಿಸಿ, ಕಾಯುವಷ್ಟು ದಿನ ಎರಡು ವಾರಕ್ಕೊಮ್ಮೆ ಅದೇ ಪ್ರಶ್ನಾವಳಿ ಕಳಿಸಿ ಒಂಬತ್ತನೇ ಪ್ರಶ್ನೆಯ ಉತ್ತರ ನೋಡುತ್ತಿರಿ. ಮುಂದಿನ ಟೆಂಡರ್ ಕರಡಿನಲ್ಲಿ "ಪ್ರತಿ ಬಳಕೆದಾರರಿಗೆ ವಾರಕ್ಕೆ ಮಾರ್ಗದರ್ಶನದ ನಿಮಿಷಗಳು" ಎಂಬ ಕಾಲಂ ಸೇರಿಸಿ, ಅದನ್ನು ಖಾಲಿ ಬಿಟ್ಟ ಅರ್ಜಿಯನ್ನು ತೆರೆಯದೆ ಹಿಂದಿರುಗಿಸಿ.

ಇಂತಿ,
ಆನ್‌ಲೈನ್ ಮನೋಚಿಕಿತ್ಸೆಯಲ್ಲಿ ತೊಡಗಿರುವ ಚಿಕಿತ್ಸಕರು ಮತ್ತು ಸಂಶೋಧಕರು